ವಿಷ ತಗುಲಿದ ಚರ್ಮ: ಸೈನಿಕರ ನೋವಿನಿಂದ ರೈತರಿಗೆ ಪಾಠ



ಅಕ್ಕಲಕೋಟ ಕಡೆಯ ಹಳ್ಳಿಯೊಂದಕ್ಕೆ ಮನೆ ಭೇಟಿಗೆ ಹೋದಾಗ ಪಡಸಾಲೆಯ ಮೂಲೆಯ ಗೂಟಕ್ಕೆ ಒಂದು ಟವೆಲ್ಲು ಬೇರೆಯಾಗಿ ತೂಗುಹಾಕಿದ್ದನ್ನು ಕಂಡೆವು. ತಾಟು, ಲೋಟವೂ ಬೇರೆ. ಅವು ಮನೆಯ ಯಜಮಾನರವು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದು ದ್ರಾಕ್ಷಿ ತೋಟ ಮಾಡಿಕೊಂಡವರು. ಮುಂಗೈ ಮತ್ತು ಕುತ್ತಿಗೆಯ ಚರ್ಮ ಕಪ್ಪಿಟ್ಟು ದಪ್ಪವಾಗಿತ್ತು. ರಾತ್ರಿ ತುರಿಕೆಯಿಂದ ನಿದ್ದೆ ಇಲ್ಲ. “ಫಾದರ್, ಇದು ಅಂಟು ರೋಗ ಏನ್ರಿ? ಮೊಮ್ಮಗಳನ್ನ ಎತ್ತಿಕೊಳ್ಳಾಕ ಬಿಡವಲ್ರು” ಎಂದರು. ಸ್ವಲ್ಪ ತಡೆದು, “ಯುದ್ಧದಾಗ ಗ್ಯಾಸ್ ಬಡಿದವರಿಗೆ ಹಿಂಗ ವರ್ಷಗಟ್ಟಲೆ ತುರಿಸ್ತದಂತ ಕೇಳೀನ್ರಿ, ಹೌದೇನು?” ಎಂದು ಇನ್ನೊಂದು ಪ್ರಶ್ನೆ ಹಾಕಿದರು.

ಅವರ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸೋಣ. ಮೊದಲನೆಯದಕ್ಕೂ ಅದರಲ್ಲೇ ಉತ್ತರವಿದೆ.

ಸಾಸಿವೆ ಅನಿಲ ಎಂದರೇನು?

ಮೊದಲ ಮಹಾಯುದ್ಧದಲ್ಲಿ, 1917ರ ಜುಲೈನಲ್ಲಿ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯ ಒಂದು ಹೊಸ ವಿಷವನ್ನು ಬಳಸಿತು. ಅದರ ವಾಸನೆ ಸಾಸಿವೆ ಅಥವಾ ಬೆಳ್ಳುಳ್ಳಿಯಂತೆ ಇದ್ದುದರಿಂದ ಸಾಸಿವೆ ಅನಿಲ ಎಂಬ ಹೆಸರು ಬಂತು. ನಮ್ಮ ಅಡುಗೆಮನೆಯ ಸಾಸಿವೆಗೂ ಅದಕ್ಕೂ ಸಂಬಂಧವಿಲ್ಲ. ನಿಜವಾಗಿ ಅದು ಎಣ್ಣೆಯಂಥ ದ್ರವ. ಮೈಗೆ ತಗುಲಿದಾಗ ಏನೂ ಉರಿಯುವುದಿಲ್ಲ. ಆದರೆ ಕೆಲವೇ ನಿಮಿಷಗಳಲ್ಲಿ ಚರ್ಮದೊಳಗೆ ಇಳಿದು ಜೀವಕೋಶಗಳನ್ನು ಕೆಡಿಸುತ್ತದೆ. ಹಲವು ತಾಸುಗಳ ಮೇಲೆ ಚರ್ಮ ಕೆಂಪಾಗಿ, ದೊಡ್ಡ ದೊಡ್ಡ ನೀರುಗುಳ್ಳೆಗಳು ಏಳುತ್ತವೆ. ಕಂಕುಳು, ತೊಡೆಸಂದು, ಕುತ್ತಿಗೆ ಮುಂತಾದ ಬೆವರುವ ಜಾಗಗಳಿಗೆ ಹೆಚ್ಚು ಪೆಟ್ಟು. ನಮ್ಮಂಥ ಸೆಕೆಯ ಸೀಮೆಯಲ್ಲಿ ಅದರ ಹಾವಳಿ ಇನ್ನೂ ಜಾಸ್ತಿ.

ನಮ್ಮ ದೇಶದ ಸೈನಿಕರೂ ಇದನ್ನು ಅನುಭವಿಸಿದ್ದಾರೆ. 1930ರ ದಶಕದ ಆರಂಭದಿಂದ ಹತ್ತಕ್ಕೂ ಹೆಚ್ಚು ವರ್ಷ, ಆಗ ಅವಿಭಜಿತ ಭಾರತದಲ್ಲಿದ್ದ ರಾವಲ್ಪಿಂಡಿಯಲ್ಲಿ, ಬ್ರಿಟಿಷ್ ಸೇನೆಯ ವಿಜ್ಞಾನಿಗಳು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಈ ವಿಷವನ್ನು ಪರೀಕ್ಷಿಸಿದರು. ಬಿಳಿಯರ ಚರ್ಮಕ್ಕಿಂತ ಭಾರತೀಯರ ಚರ್ಮಕ್ಕೆ ಹೆಚ್ಚು ಹಾನಿಯಾಗುತ್ತದೆಯೇ ಎಂದು ತಿಳಿಯುವುದು ಅವರ ಉದ್ದೇಶಗಳಲ್ಲಿ ಒಂದು. ಕೆಲವರು ಬರೀ ಚಡ್ಡಿ, ನೂಲಿನ ಅಂಗಿಯಲ್ಲಿದ್ದರು. ಹಲವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಮುಂದೆ ಅವರ ಆರೋಗ್ಯ ಏನಾಯಿತೆಂದು ಆ ವಿಜ್ಞಾನಿಗಳು ವಿಚಾರಿಸಲೇ ಇಲ್ಲ. ಈ ಸಂಗತಿ 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಿಂದ ಬೆಳಕಿಗೆ ಬಂತು. ಊರಿಗೆ ಮರಳಿ ಹೊಲ ಹಿಡಿದ ಆ ಸಿಪಾಯಿಗಳಲ್ಲಿ ಎಷ್ಟು ಜನರ ತುರಿಕೆಯನ್ನು ಮನೆಯವರು ಬೇರೆ ರೋಗವೆಂದು ತಿಳಿದರೋ!

ವರ್ಷಗಳ ಮೇಲೂ ಉಳಿಯುವ ಬಾಧೆ

ಭಾರತದಲ್ಲಿ ಯಾರೂ ವಿಚಾರಿಸದ ಪ್ರಶ್ನೆಗೆ ಉತ್ತರ ದೊರೆತದ್ದು ಇರಾನಿನಿಂದ. 1980ರಿಂದ 1988ರವರೆಗೆ ನಡೆದ ಯುದ್ಧದಲ್ಲಿ ಇರಾಕ್ ಈ ವಿಷವನ್ನು ಇರಾನಿನ ಸೈನಿಕರ ಮೇಲೆ ಪ್ರಯೋಗಿಸಿತು. 1987ರ ಜೂನ್ 28ರಂದು ಸರ್ದಶ್ತ್ ಎಂಬ ಊರಿನ ಸಾಮಾನ್ಯ ಜನರ ಮೇಲೂ ಹಾಕಿತು. ಬದುಕಿ ಉಳಿದವರನ್ನು ಅಲ್ಲಿನ ವೈದ್ಯರು ದಶಕಗಳ ಕಾಲ ಪರೀಕ್ಷಿಸುತ್ತ ಬಂದಿದ್ದಾರೆ. ಗುಳ್ಳೆಗಳು ಮಾಯ್ದು ಇಪ್ಪತ್ತು ವರ್ಷಗಳಾದ ಮೇಲೂ ತುರಿಕೆ ಹೋಗಿರಲಿಲ್ಲ. ಚರ್ಮ ಒಣಗುತ್ತದೆ, ಕೆಲವೆಡೆ ಕಪ್ಪು, ಕೆಲವೆಡೆ ಬಿಳಿ ಕಲೆ ಬೀಳುತ್ತದೆ, ಇಸಬು ಏಳುತ್ತದೆ. ಬಿಸಿಲು, ಬೆವರಿಗೆ ತುರಿಕೆ ಕೆರಳುತ್ತದೆ. ಜೊತೆಗೆ ಕಣ್ಣು, ಶ್ವಾಸಕೋಶಗಳಿಗೂ ತೊಂದರೆ.

ಆದರೆ ಒಂದು ಮಾತು ಗಮನಿಸಿರಿ. ಮೈಮೇಲಿನ, ಬಟ್ಟೆಯ ಮೇಲಿನ ವಿಷವನ್ನು ಒಮ್ಮೆ ತೊಳೆದು ತೆಗೆದ ಮೇಲೆ ಈ ಬಾಧೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದು ರೋಗಾಣುವಿನಿಂದ ಬಂದದ್ದಲ್ಲ, ಗಾಯಗೊಂಡ ಚರ್ಮದ ಗೋಳು.

ಬಾರಿ ಬಂದರಿನ ಪಾಠ

1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಅಲ್ಲಿದ್ದ ಅಮೆರಿಕದ ಜಾನ್ ಹಾರ್ವೆ ಎಂಬ ಹಡಗಿನಲ್ಲಿ ಸಾಸಿವೆ ಅನಿಲದ ಬಾಂಬುಗಳನ್ನು ಗುಟ್ಟಾಗಿ ತುಂಬಲಾಗಿತ್ತು. ವಿಷವು ಹಡಗುಗಳ ಎಣ್ಣೆಯೊಂದಿಗೆ ಬೆರೆತು ನೀರಿನ ಮೇಲೆ ತೇಲಿತು. ಆ ನೀರಿಗೆ ಬಿದ್ದ ನಾವಿಕರನ್ನು ಎತ್ತಿ ತಂದವರಿಗೆ ವಿಷದ ಸುಳಿವಿರಲಿಲ್ಲ. ಚಳಿಯಾದೀತೆಂದು ತೊಯ್ದ ಬಟ್ಟೆಗಳ ಮೇಲೆಯೇ ಕಂಬಳಿ ಹೊದಿಸಿದರು. ಬಟ್ಟೆಯಲ್ಲಿದ್ದ ವಿಷ ರಾತ್ರಿಯೆಲ್ಲ ಮೈಗೆ ಇಳಿಯಿತು. 600ಕ್ಕೂ ಹೆಚ್ಚು ಜನ ವಿಷಬಾಧೆಗೆ ಒಳಗಾದರು, 80ಕ್ಕೂ ಹೆಚ್ಚು ಜನ ಸತ್ತರು. ಬೇಗ ಬಟ್ಟೆ ಬಿಚ್ಚಿ ಮೈ ತೊಳೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ಇದರಲ್ಲಿ ನಮಗೇನು ಪಾಠ?

ನಾವು ಹೊಲಕ್ಕೆ ಹೊಡೆಯುವ ಔಷಧಗಳು ಸಾಸಿವೆ ಅನಿಲವಲ್ಲ. ಅವುಗಳ ಉದ್ದೇಶ ಬೇರೆ, ಗುಣ ಬೇರೆ. ಆದರೂ ಚರ್ಮದ ದಾರಿಯಿಂದ ಮೈಗೆ ಇಳಿಯುವ ಔಷಧಗಳು ಅವುಗಳಲ್ಲೂ ಇವೆ. 2017ರಲ್ಲಿ ನಮ್ಮ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಒಂದೇ ಹಂಗಾಮಿಗೆ ಎಷ್ಟು ಸಲ ಪಂಪು ಹೊರುತ್ತೇವೆ ಎಂಬುದು ನಿಮಗೇ ಗೊತ್ತು. ಪಂಪು ಸೋರಿ ಬೆನ್ನು ತೊಯ್ದರೂ ಅದೇ ಅಂಗಿಯಲ್ಲಿ ಸಂಜೆಯವರೆಗೆ ದುಡಿಯುತ್ತೇವೆ. ಬಾರಿಯ ನಾವಿಕರ ತೊಯ್ದ ಬಟ್ಟೆಗೂ ಈ ಅಂಗಿಗೂ ಎಷ್ಟು ದೂರ?

ಇನ್ನೊಂದು ಸಂಗತಿ. ಮ್ಯಾಂಕೋಜೆಬ್‌ನಂಥ ಔಷಧಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮೊದಲು ಎಷ್ಟೋ ಸಲ ಏನೂ ಆಗದಿರಬಹುದು. ಒಮ್ಮೆ ಚರ್ಮ ಅದನ್ನು ವೈರಿಯೆಂದು ಗುರುತಿಸಿತೆಂದರೆ, ಮುಂದೆ ತುಸು ತಗುಲಿದರೂ ಇಸಬು ಏಳುತ್ತದೆ. ಆ ಮಾಜಿ ಸೈನಿಕರನ್ನು ಸೊಲ್ಲಾಪುರದ ಚರ್ಮವೈದ್ಯರಿಗೆ ತೋರಿಸಿದಾಗ ಅವರು ಹೇಳಿದ್ದೂ ಇದನ್ನೇ. ಯುದ್ಧದ ಗ್ಯಾಸಿನಿಂದ ಬಂದದ್ದಲ್ಲ, ಅಂಟುವುದೂ ಅಲ್ಲ, ತೋಟದ ಔಷಧದಿಂದ ಬಂದ ಇಸಬು.

ನೆನಪಿಡಬೇಕಾದ ಸಂಗತಿಗಳು

1. ಪೂರ್ಣ ತೋಳಿನ ಅಂಗಿ, ಉದ್ದ ಪ್ಯಾಂಟು, ರಬ್ಬರ್ ಕೈಗವಸು, ಬೂಟು ಇಲ್ಲದೆ ಔಷಧ ಕಲಸಬೇಡಿರಿ, ಹೊಡೆಯಬೇಡಿರಿ. ಗಾಳಿಗೆ ಎದುರಾಗಿ ನಿಲ್ಲಬೇಡಿರಿ. ಸೋರುವ ಪಂಪನ್ನು ರಿಪೇರಿ ಮಾಡಿಸದೆ ಹೊರಬೇಡಿರಿ.

2. ಮೈಗೆ ಔಷಧ ಚೆಲ್ಲಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಬಟ್ಟೆ ಬಿಚ್ಚಿ, ಸಾಬೂನು ಹಚ್ಚಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಗಸಗಸ ತಿಕ್ಕಬೇಡಿರಿ. ಸೀಮೆಎಣ್ಣೆ, ಪೆಟ್ರೋಲು, ಸುಣ್ಣ ಹಚ್ಚಬೇಡಿರಿ. ಹೊಲಕ್ಕೆ ಹೋಗುವಾಗಲೇ ಒಂದು ಕೊಡ ನೀರು, ಒಂದು ಸಾಬೂನು, ಒಂದು ಜೊತೆ ಬಟ್ಟೆ ಇರಲಿ.

3. ಔಷಧದ ಬಟ್ಟೆಗಳನ್ನು ಮಕ್ಕಳ ಬಟ್ಟೆಗಳೊಂದಿಗೆ ನೆನೆಹಾಕಬೇಡಿರಿ. ಬೇರೆಯಾಗಿ ಒಗೆಯಬೇಕಾದದ್ದು ಆ ಬಟ್ಟೆಯನ್ನು. ಬೇರೆ ಇಡಬೇಕಾದದ್ದು ಮನುಷ್ಯನನ್ನಲ್ಲ.

4. ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಮಾಂಸಖಂಡಗಳ ಅದುರುವಿಕೆ ಕಂಡರೆ ತಡಮಾಡದೆ 108ಕ್ಕೆ ಫೋನು ಮಾಡಿ. ಔಷಧದ ಡಬ್ಬಿ ಅಥವಾ ಚೀಟಿಯನ್ನು ವೈದ್ಯರಿಗೆ ತೋರಿಸಿ.

5. ಹಳೆಯ ತುರಿಕೆಗೆ ಅಂಗಡಿಯ ಟ್ಯೂಬನ್ನು ನೀವೇ ತಂದು ತಿಂಗಳುಗಟ್ಟಲೆ ಹಚ್ಚಬೇಡಿರಿ. ಅಂಥ ಹಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಚರ್ಮ ತೆಳುವಾಗಿ ಹೋಗುತ್ತದೆ. ವೈದ್ಯರು ಹೇಳಿದಷ್ಟೇ ದಿನ ಹಚ್ಚಿರಿ. ಗಾಯವಿಲ್ಲದ ಒಣ ಚರ್ಮಕ್ಕೆ ಸ್ನಾನದ ಬೆನ್ನಿಗೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಒಳ್ಳೆಯದು. ಸುಡುಸುಡು ನೀರು ಬೇಡ. ಹಳೆಯ ಕಲೆಯ ಮೇಲೆ ಮಾಯದ ಹುಣ್ಣು ಅಥವಾ ಗಂಟು ಎದ್ದರೆ ಬೇಗ ತೋರಿಸಿ.

6. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಚಿಕಿತ್ಸೆಗೆ 2003ರಿಂದ ಇಸಿಎಚ್‌ಎಸ್ ಎಂಬ ಯೋಜನೆ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಾರ್ಯಾಲಯದಲ್ಲಿ ವಿಚಾರಿಸಿರಿ.

ಯುದ್ಧದ ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂತು. ಭಾರತವೂ ತನ್ನಲ್ಲಿದ್ದ ಸಂಗ್ರಹವನ್ನು 2009ರಲ್ಲಿ ಪೂರ್ತಿಯಾಗಿ ನಾಶಮಾಡಿತು. ದೇಶಗಳು ಮಾಡಬೇಕಾದ ಕೆಲಸ ಅದು. ಹೊಲದ ಬದುವಿನ ಮೇಲೆ ಒಂದು ಕೊಡ ನೀರು ಇಡುವ ಕೆಲಸ ನಮ್ಮದು.

ಆ ಮಾಜಿ ಸೈನಿಕರ ತುರಿಕೆ ಪೂರ್ತಿ ಹೋಗಿಲ್ಲ. ಔಷಧ ಹೊಡೆಯುವ ಕೆಲಸವನ್ನು ಅವರು ಬಿಟ್ಟಿದ್ದಾರೆ, ರಾತ್ರಿ ನಿದ್ದೆ ಬರುತ್ತಿದೆ. ಮೊನ್ನೆ ಹೋದಾಗ ಮೊಮ್ಮಗಳು ಅವರ ತೊಡೆಯ ಮೇಲೆ ಕುಳಿತು, ಅವರ ತಾಟಿನಲ್ಲೇ ರೊಟ್ಟಿ ಮುರಿಯುತ್ತಿದ್ದಳು.

ಮನೆಯಲ್ಲಿ ಕೂಡಿ ಮಾತಾಡಿರಿ: ನಮ್ಮ ಮನೆಯಲ್ಲಿ ಔಷಧ ಹೊಡೆದ ಬಟ್ಟೆಗಳನ್ನು ಎಲ್ಲಿ ಇಡುತ್ತೇವೆ? ಚರ್ಮದ ಬಾಧೆಯಿಂದಾಗಿ ನಾವು ಯಾರನ್ನಾದರೂ ದೂರ ಇಟ್ಟಿದ್ದೇವೆಯೇ? ಅವರನ್ನು ವೈದ್ಯರಿಗೆ ತೋರಿಸಿದ್ದೇವೆಯೇ?