ಹೆಂಡತಿಯೋ, ವಿಧವೆಯೋ?

ಶ್ರೀಲಂಕಾದ ಮುಲ್ಲೈತೀವಿನ ಒಬ್ಬ ಹೆಂಗಸು ಮಗಳ ಮದುವೆಗೆಂದು, ತನಗೆ ಬಳುವಳಿಯಾಗಿ ಬಂದ ತುಂಡು ನೆಲವನ್ನು ಮಾರಲು ಹೊರಟಳು ಎಂದಿಟ್ಟುಕೊಳ್ಳಿ. ಕ್ರಯಪತ್ರ ಬರೆಯುವ ನೋಟರಿ ಮೊದಲು ಕೇಳುವುದು ಗಂಡನ ರುಜು. ಗಂಡನೋ, 2009ರ ಮೇ ತಿಂಗಳಲ್ಲಿ, ಅಲ್ಲಿನ ಅಂತರ್ಯುದ್ಧದ ಕೊನೆಯ ದಿನಗಳಲ್ಲಿ ಕಾಣೆಯಾದವನು. ಸತ್ತನೆಂದು ಹೇಳುವವರಿಲ್ಲ, ಇದ್ದಾನೆಂದು ತೋರಿಸುವವರೂ ಇಲ್ಲ. ಕಚೇರಿ ಯಾವುದಾದರೂ ಅವಳಿಗೆ ಎದುರಾಗುವ ಪ್ರಶ್ನೆ ಒಂದೇ: ನೀವು ಹೆಂಡತಿಯೋ, ವಿಧವೆಯೋ?

ರುಜು ಕೇಳುವುದು ನೋಟರಿಯ ಹಟವಲ್ಲ. ಉತ್ತರ ಪ್ರಾಂತ್ಯದ ತಮಿಳರಿಗೆ ಅನ್ವಯಿಸುವ ‘ತೇಶವಳಮೈ’ ಎಂಬ ರೂಢಿಕಾನೂನಿದೆ. ಡಚ್ಚರು ಅದನ್ನು 1707ರ ಹೊತ್ತಿಗೆ ಬರಹಕ್ಕಿಳಿಸಿದರು. ಎಲ್ಲ ತಮಿಳರಿಗೂ ಅದು ಅನ್ವಯಿಸದು. ತೇಶವಳಮೈಗೆ ಸಂಬಂಧಿಸಿದ 1911ರ ಜಾಫ್ನಾ ವೈವಾಹಿಕ ಹಕ್ಕುಗಳ ಸುಗ್ರೀವಾಜ್ಞೆಯ ಪ್ರಕಾರ ಮದುವೆಯಾದ ಹೆಣ್ಣು ಒಡವೆ, ಹಣವನ್ನು ತನ್ನಿಷ್ಟದಂತೆ ಕೊಡಬಹುದು, ನೆಲ, ಮನೆಯನ್ನು ಮಾತ್ರ ಗಂಡನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಆಸ್ತಿ ಅವಳದೇ, ಬೀಗದ ಕೈ ಮಾತ್ರ ಅವನದು.

ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿಯಿದೆ, ಬಹಳ ಮಂದಿಗೆ ಗೊತ್ತಿಲ್ಲ. ಗಂಡ ತೊರೆದು ಹೋಗಿದ್ದರೆ, ಅವನ ವಾಸಸ್ಥಳವೇ ತಿಳಿಯದಿದ್ದರೆ, ಅಥವಾ ಸಕಾರಣವಿಲ್ಲದೆ ಒಪ್ಪಿಗೆ ನಿರಾಕರಿಸಿದರೆ, ಹೆಂಡತಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಗಂಡನ ಒಪ್ಪಿಗೆಯ ಜಾಗದಲ್ಲಿ ನ್ಯಾಯಾಲಯದ ಆದೇಶವೇ ನಿಲ್ಲುತ್ತದೆ. ಇದಕ್ಕೆ ಅವನು ಸತ್ತನೆಂದು ಸಾಬೀತು ಮಾಡಬೇಕಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದವರು 1978ರ ಕಾಯ್ದೆಯಡಿ ಸ್ಥಾಪಿತವಾದ ಕಾನೂನು ನೆರವು ಆಯೋಗದ ಕದ ತಟ್ಟಬಹುದು.

ಗಂಡನ ಹೆಸರಿನಲ್ಲಿರುವ ಆಸ್ತಿಯ ದಾರಿ ಬೇರೆ. ಕಾಣೆಯಾಗಿ ಒಂದು ವರ್ಷ ಕಳೆದವರ ಮರಣಪತ್ರ ಕೊಡಲು 2010ರಲ್ಲಿ ಕಾಯ್ದೆ ಬಂತು. ಎಷ್ಟೋ ಹೆಂಗಸರು ಅದನ್ನು ಮುಟ್ಟಲಿಲ್ಲ. ಸೇನೆಯ ಕೈಗೆ ತಾವೇ ಒಪ್ಪಿಸಿದ ಗಂಡನನ್ನು, ಮಗನನ್ನು ತಮ್ಮ ರುಜುವಿನಿಂದಲೇ ಸತ್ತವನೆಂದು ಬರೆದುಕೊಡುವುದು ಹೇಗೆ? 2017ರ ಫೆಬ್ರುವರಿಯಲ್ಲಿ ಕಿಳಿನೊಚ್ಚಿಯ ರಸ್ತೆಬದಿಯಲ್ಲಿ ಧರಣಿ ಕೂತ ತಾಯಂದಿರು ಕೇಳಿದ್ದು ಮರಣಪತ್ರವನ್ನಲ್ಲ, ‘ಅವರೆಲ್ಲಿ?’ ಎಂಬುದಕ್ಕೆ ಉತ್ತರವನ್ನು.

2010ರ ಆ ಕಾಯ್ದೆಗೆ ಬಂದ 2016ರ ತಿದ್ದುಪಡಿ ನಡುದಾರಿಯೊಂದನ್ನು ತೆರೆಯಿತು. ಅದೇ ಗೈರುಹಾಜರಿ ಪ್ರಮಾಣಪತ್ರ. ಅದು ಸತ್ತನೆನ್ನುವುದಿಲ್ಲ, ಇಲ್ಲವೆನ್ನುತ್ತದೆ ಅಷ್ಟೆ. ಬಂಧುಗಳು ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು. ಕಾಣೆಯಾದವರ ಪತ್ತೆಗಿರುವ ಸರ್ಕಾರಿ ಕಚೇರಿಯಲ್ಲಿ ದೂರು ದಾಖಲಾಗಿ ಅದರ ವರದಿ ಕೈಯಲ್ಲಿದ್ದರೆ ಅರ್ಜಿಗೆ ಬಲ. ಪತ್ರದ ಅವಧಿ ಎರಡು ವರ್ಷ, ಮತ್ತೆ ನವೀಕರಿಸಬಹುದು. ಇದರಿಂದ ಸರ್ಕಾರಿ ನೆರವು ಕೇಳಬಹುದು, ಕಾಣೆಯಾದವನ ಆಸ್ತಿಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳಬಹುದು. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ಭಾವಿಸುವ ನಮ್ಮ ಸಾಕ್ಷ್ಯ ಕಾನೂನಿಗಿಂತ ಇದು ಮನಸ್ಸನ್ನು ಹೆಚ್ಚು ಅರಿತದ್ದು ಎಂದೇ ನನ್ನ ಎಣಿಕೆ.

ಈ ಪತ್ರಗಳಿಗಾಗಿ ಒಂಟಿ ಹೆಣ್ಣು ಅಲೆಯುವಾಗ ಮೇಜಿನ ಆಚೆಗಿರುವವನು ಕೆಲಸಕ್ಕೆ ಬದಲಾಗಿ ಅವಳ ಮೈಯನ್ನೇ ಕೇಳುವುದುಂಟು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ತಮಿಳರೂ ಸೈನಿಕರ ಸಿಂಹಳ ವಿಧವೆಯರೂ, ಈ ದೂರನ್ನು ಹೇಳುತ್ತ ಬಂದಿದ್ದಾರೆ. 2023ರ ಭ್ರಷ್ಟಾಚಾರ ತಡೆ ಕಾಯ್ದೆ ಇದನ್ನು ಲೈಂಗಿಕ ಲಂಚವೆಂದೇ ಕರೆದು ಅಪರಾಧವಾಗಿಸಿದೆ. ಲಂಚ ತನಿಖಾ ಆಯೋಗದ ದೂರವಾಣಿ 1954. ಅಧಿಕಾರಿಯ ನಡೆ ಮೂಲಭೂತ ಹಕ್ಕಿನ ಉಲ್ಲಂಘನೆಯಾಗಿದ್ದರೆ ಸುಪ್ರೀಂ ಕೋರ್ಟಿಗೇ ಹೋಗಬಹುದು, ಆದರೆ ಒಂದೇ ತಿಂಗಳೊಳಗೆ. ಆ ತಿಂಗಳೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ, ಅಲ್ಲಿ ವಿಚಾರಣೆ ಬಾಕಿಯಿರುವಷ್ಟು ದಿನ ಗಡುವಿನ ಲೆಕ್ಕಕ್ಕೆ ಬರುವುದಿಲ್ಲ.

ಮನೆಯೊಳಗಿನ ಹೊಡೆತಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿದೆ. ಮ್ಯಾಜಿಸ್ಟ್ರೇಟರಿಗೆ ಹೊಡೆತ ತಿಂದವಳೇ ಅರ್ಜಿ ಕೊಡಬಹುದು, ಅವಳ ಪರವಾಗಿ ಪೊಲೀಸರೂ ಕೊಡಬಹುದು. ಮಧ್ಯಂತರ ರಕ್ಷಣೆ ಕೂಡಲೇ ಸಿಗಬಹುದು. ಹದಿನಾಲ್ಕು ದಿನದೊಳಗೆ ವಿಚಾರಣೆ. ಅಂತಿಮ ಆದೇಶ ಹೆಚ್ಚೆಂದರೆ ಹನ್ನೆರಡು ತಿಂಗಳು ಜಾರಿಯಲ್ಲಿರುತ್ತದೆ. ಅದನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆಯಾಗಬಹುದು. ಗಂಡನೇ ಅತ್ಯಾಚಾರ ಮಾಡಿದರೆ ಮಾತ್ರ, ನ್ಯಾಯಾಲಯ ಇಬ್ಬರನ್ನೂ ಬೇರ್ಪಡಿಸಿರದ ಹೊರತು, ಅಲ್ಲಿನ ದಂಡಸಂಹಿತೆ ಅದನ್ನು ಅತ್ಯಾಚಾರವೆನ್ನುವುದಿಲ್ಲ.

ಯುದ್ಧಕಾಲದ ಲೈಂಗಿಕ ಹಿಂಸೆಯ ಬಗ್ಗೆ ಈವರೆಗೆ ಬಾಯಿ ಬಿಡದವರು ಒಂದು ಲೆಕ್ಕವನ್ನು ಗಮನದಲ್ಲಿಡಬೇಕು. ಶ್ರೀಲಂಕಾದ ಅಪರಾಧ ಪ್ರಕ್ರಿಯಾ ಸಂಹಿತೆಯ ಸಾಮಾನ್ಯ ನಿಯಮದಂತೆ ಕೊಲೆ, ರಾಜದ್ರೋಹ ಬಿಟ್ಟರೆ ಉಳಿದ ಅಪರಾಧಗಳಿಗೆ ಮೊಕದ್ದಮೆ ಹೂಡುವ ಅವಧಿ ಇಪ್ಪತ್ತು ವರ್ಷ. 2009ರ ಮೇ ತಿಂಗಳಿಂದ ಎಣಿಸಿದರೆ ಅದು ಮುಗಿಯುವುದು 2029ರ ಮೇ ತಿಂಗಳಿಗೆ.