ಚೊಂಬು, ಮೊರ, ಕಣಜ ಕಲಿಸುವ ಪಾಠ



ಬೀಜ, ಗೊಬ್ಬರ, ಬದುಗಳ ವಿಷಯವನ್ನು ಈ ಪತ್ರಿಕೆಯಲ್ಲಿ ಓದುತ್ತಲೇ ಇದ್ದೀರಿ. ಈ ಸಲ ನಿಮ್ಮ ಮನೆಯೊಳಗಿನ ಸಾಮಾನುಗಳ ಮಾತು. ಇದಕ್ಕೂ ಬೇಸಾಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆಯೆಂದು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಒಂದು ಮನೆಯವರು ಅವರೆ ಬೀಜವನ್ನು ಹಳೆಯ ಬಿದಿರಿನ ಕಣಜಕ್ಕೆ ತುಂಬುತ್ತಿದ್ದರು. “ಇದನ್ನು ಬಿಡಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿರಿ, ಹುಳು ಬರುವುದಿಲ್ಲ” ಎಂದೆ. ಬೀಜ ಚೆನ್ನಾಗಿ ಒಣಗಿದೆಯೇ ಎಂದು ನೋಡಲಿಲ್ಲ. ಬಿತ್ತನೆಗೆಂದು ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ. ನೂರು ಕಾಳು ಮೊಳಕೆಗಿಟ್ಟರೆ ಅರ್ಧವೂ ಮೊಳೆಯಲಿಲ್ಲ. ಆ ಮನೆಯವರು ಸಾಲ ಮಾಡಿ ಬೀಜ ಕೊಂಡರು. ಅಜ್ಜಿ ನನ್ನನ್ನು ಬಯ್ಯಲಿಲ್ಲ. “ಕಣಜ ಉಸಿರಾಡ್ತದೆ ಕಣಪ್ಪ, ಡ್ರಮ್ಮು ಉಸಿರು ಕಟ್ಟಿಸ್ತದೆ” ಎಂದರು, ಅಷ್ಟೆ.

ಅಜ್ಜಿಯ ಮಾತು ಶಾಸ್ತ್ರಕ್ಕೂ ಸರಿ. ಬೀಜಕ್ಕೆ ಜೀವವಿದೆ, ಅದು ಉಸಿರಾಡುತ್ತದೆ. ಹಸಿ ಉಳಿದ ಬೀಜದಿಂದ ತೇವವೂ ಕಾವೂ ಹೊರಡುತ್ತವೆ. ಸಗಣಿ, ಮಣ್ಣು ಮೆತ್ತಿದ ಬಿದಿರಿನ ಗೋಡೆಯಿಂದ ಆ ತೇವ ನಿಧಾನವಾಗಿ ಹೊರಗೆ ಹೋಗುತ್ತದೆ. ಡ್ರಮ್ಮಿನಲ್ಲಿ ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಡ್ರಮ್ಮು ಕೆಟ್ಟದ್ದೆಂದಲ್ಲ. ಗರಿಗರಿಯಾಗಿ ಒಣಗಿದ ಬೀಜಕ್ಕೆ ಅದೂ ಒಳ್ಳೆಯದೇ. ಯಾವ ಪಾತ್ರೆ ಯಾವ ಕೆಲಸಕ್ಕೆ ಎಂದು ಕೇಳದೆ ಹೋದದ್ದು ನನ್ನ ತಪ್ಪು.

ಹೀಗೆ ಕೇಳುವುದನ್ನೇ ದೊಡ್ಡವರೂ ಮಾಡಿದ್ದಾರೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ನಮ್ಮ ದೇಶವನ್ನು ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಬಹಳ ಮೆಚ್ಚಿದ್ದು ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಕೈಯಲ್ಲೋ ಸೊಂಟದಲ್ಲೋ ತಲೆಯ ಮೇಲೋ ಹೇಗೆ ಹೊರುತ್ತಾರೆ, ತುಂಬಿದಾಗಲೂ ಬರಿದಾದಾಗಲೂ ತೂಕ ಎಲ್ಲಿ ನಿಲ್ಲುತ್ತದೆ, ನೀರು ಹೇಗೆ ಸುರಿಯುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಅದರ ಆಕಾರವೇ ಉತ್ತರವೆಂದು ಕಂಡರು. ತಲೆತಲಾಂತರದಿಂದ ಅನೇಕರು ತಿದ್ದಿ ತಿದ್ದಿ ಬಂದ ರೂಪ ಅದು. ಆ ವರದಿಯ ನಂತರ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಾರಂಭವಾಯಿತು.

ನಿಮ್ಮ ಮನೆಯ ಮೊರವನ್ನೇ ನೋಡಿ. ಹಿಂಬದಿ ಎತ್ತರ, ಮುಂಬದಿ ಬಯಲು. ಕೇರಿದಾಗ ಹಗುರವಾದ ಹೊಟ್ಟು ಮುಂದೆ ಹಾರುತ್ತದೆ, ತೂಕದ ಕಾಳು ಹಿಂದೆ ಉಳಿಯುತ್ತದೆ. ಸಂದು ಬಿಟ್ಟರೆ ನೆನೆದ ಕಾಗದಕ್ಕೆ ಮೆಂತ್ಯ ಅರೆದು ಬಳಿದರಾಯಿತು. ಹರಿದ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯೂ ಹಾಗೆಯೇ, ಹಳೆಯದರಿಂದ ಹೊಸದು.

ಈಗ ನಿಮಗೊಂದು ಅಭ್ಯಾಸ. ಯಾವುದೇ ಸಾಮಾನು ಕೊಳ್ಳುವ ಮೊದಲು ಹೀಗೆ ಕೇಳಿಕೊಳ್ಳಿ:

1. ಯಾವ ಕೆಲಸಕ್ಕೆ, ಯಾರ ಕೈಗೆ?
2. ಮುರಿದರೆ ನಮ್ಮೂರಲ್ಲೇ ಸರಿಮಾಡಬಹುದೇ?
3. ಹಳತಾದ ಮೇಲೆ ಗೊಬ್ಬರದ ಗುಂಡಿಗೆ ಸೇರುವುದೋ, ಹೊಲದಲ್ಲಿ ಕಸವಾಗಿ ಉಳಿಯುವುದೋ?
4. ಕೊಟ್ಟ ಹಣ ಯಾರ ಮನೆಗೆ ಹೋಗುತ್ತದೆ?

ಬೀಜ ಇಡುವಾಗ ಇಷ್ಟನ್ನು ಮರೆಯಬೇಡಿ. ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯುವ ತನಕ ಕಾಳನ್ನು ಒಣಗಿಸಿ. ನೆರಳಿನಲ್ಲಿ ಆರಿಸಿ ತುಂಬಿ. ಬೇಳೆಕಾಳಿನ ಬೀಜಕ್ಕೆ ಜರಡಿಯಾಡಿದ ಒಲೆಬೂದಿ ಬೆರೆಸಿ. ಕಣಜವನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆಗಿಟ್ಟು ಎಣಿಸಿ.

ಕಡೆಯದಾಗಿ ಒಂದು ಮಾತು. ಕಣಜ ಹೆಣೆಯುವ ಮೇದರ ಕೈಗೆ ಕೆಲಸವಿಲ್ಲದಿದ್ದರೆ ಮಕ್ಕಳು ಆ ವಿದ್ಯೆ ಕಲಿಯುವುದಿಲ್ಲ. ನಿಮಗೆ ಬೇಕಾದ ಅಳತೆ ಹೇಳಿ ಮಾಡಿಸಿಕೊಳ್ಳಿ. 2017ರಲ್ಲಿ ಅರಣ್ಯ ಕಾಯ್ದೆಯ ತಿದ್ದುಪಡಿಯಾಗಿ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆಯಲಾಗಿದೆ. ಹೊಲದಂಚಿನಲ್ಲಿ ಒಂದು ಮೆಳೆ ಬೆಳೆಸಿದರೆ ನಿಮಗೂ ಅನುಕೂಲ, ಅವರಿಗೂ ಅನ್ನ.

ಅಂದಹಾಗೆ, ಆ ಅಜ್ಜಿಯ ಕಣಜಕ್ಕೆ ಈ ವರ್ಷ ಸಗಣಿ ಮೆತ್ತಲು ನಾನೂ ಕೈ ಹಾಕಿದೆ.