ಕಂಪ್ಯೂಟರು ನೋಡಿಕೊಳ್ಳುವವರಿಗೆ ಕೆಲವು ಮಾತು

ನಮ್ಮ ವಾಚನಾಲಯಕ್ಕೆ ಬರುವ ಗುಮಾಸ್ತ ಬಂಧುಗಳಲ್ಲಿ ಹಲವರಿಗೆ ಈಗ ಲೆಡ್ಜರಿನ ಜೊತೆಗೆ ಇನ್ನೊಂದು ಹೊಣೆಯೂ ಬಂದಿದೆ. ಕಚೇರಿಯ ಸರ್ವರು ಕೆಟ್ಟಿತೆಂದರೆ ಮೊದಲು ಕರೆಯುವುದು ಅವರನ್ನೇ. ನಾವೂ ಅದೇ ಪಂಕ್ತಿಯವರು. ಮೆಟ್ರಿಕ್ ಮುಗಿಸಿ, ಮಿಕ್ಕದ್ದನ್ನು ಪೆಟ್ಟು ತಿಂದು ಕಲಿತವರು. ಆದುದರಿಂದ ದೊಡ್ಡ ಪಾಠ ಹೇಳಹೊರಟಿಲ್ಲ. ಬ್ಯಾಕಪ್, ಅಂದರೆ ಕಡತಗಳ ನಕಲು, ಈ ಒಂದೇ ವಿಷಯ.

ಒಂದು ಗಿರಣಿಯಲ್ಲಿ ನಮ್ಮ ಕೈಯಲ್ಲೇ ನಡೆದದ್ದು. ಬಟವಾಡೆಗೆ ಮೂರು ದಿನವಿರುವಾಗ ಹಾಜರಿಯ ಸರ್ವರಿನ ಡಿಸ್ಕು ಕೆಟ್ಟುನಿಂತಿತು. ನಮಗೆ ಗಾಬರಿಯಾಗಲಿಲ್ಲ. ದಿನವೂ ರಾತ್ರಿ ನಕಲು ಆಗುತ್ತಿತ್ತಲ್ಲ! ಬೆಳಿಗ್ಗೆ ಪೆಟ್ಟಿಗೆಯ ಹಸಿರು ದೀಪ ನೋಡಿ ಪುಸ್ತಕದಲ್ಲಿ ರುಜು ಹಾಕುವುದು ನಮ್ಮ ರೂಢಿ. ತೆರೆದು ನೋಡಿದರೆ, ಐದು ತಿಂಗಳ ಕಡತಗಳೆಲ್ಲ ಖಾಲಿ. ಯಾರೋ ಪಾಸ್‌ವರ್ಡು ಬದಲಿಸಿದ್ದರು. ನಕಲು ಮಾಡುವ ಪ್ರೋಗ್ರಾಮಿಗೆ ಹೊಸದನ್ನು ಕೊಟ್ಟಿರಲಿಲ್ಲ. ದೀಪಕ್ಕೆ ಗೊತ್ತಿದ್ದದ್ದು ಪೆಟ್ಟಿಗೆಗೆ ಕರೆಂಟು ಇದೆ ಎಂಬುದಷ್ಟೇ. ಗೇಟಿನ ಚೀಟಿಗಳನ್ನು ಹರವಿಕೊಂಡು ರಾತ್ರಿಗಳೆಲ್ಲ ಹಾಜರಿ ಬರೆದೆವು. ಬಟವಾಡೆ ನಾಲ್ಕು ದಿನ ತಡವಾಯಿತು. ಕಲಬುರಗಿ ಕಡೆಯ ಹಿರಿಯರೊಬ್ಬರು, ಊರಿನಲ್ಲಿರುವ ತಾಯಿಯ ಔಷಧಿಗೆ ಹಣ ಕಳಿಸಬೇಕಾದವರು, ದಿನಕ್ಕೆರಡು ಸಲ ಕಿಟಕಿಯ ಹತ್ತಿರ ಬಂದು ಏನೂ ಅನ್ನದೆ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಇದು ಕಡಿಮೆ ಓದಿದವರ ತಪ್ಪೆಂದು ತಿಳಿಯಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಇಂಜಿನಿಯರೊಬ್ಬರು ಬೇರೊಂದು ಸರ್ವರೆಂದು ಭ್ರಮಿಸಿ ಅಸಲು ಸರ್ವರಿನಿಂದಲೇ ಸುಮಾರು 300 ಗಿಗಾಬೈಟ್ ಅಳಿಸಿಬಿಟ್ಟರು. ನಿತ್ಯದ ನಕಲು ಆಗುತ್ತಲೇ ಇರಲಿಲ್ಲ. ಅದನ್ನು ತಿಳಿಸುವ ಈಮೇಲುಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು 6 ತಾಸು ಮೊದಲು ತೆಗೆದಿದ್ದ ಒಂದು ಪ್ರತಿ ಅವರ ಮಾನ ಉಳಿಸಿತು. ಆ ಸಂಸ್ಥೆಯವರು ನಡೆದುದೆಲ್ಲವನ್ನೂ ಮುಚ್ಚದೆ ಪ್ರಕಟಿಸಿದರು. ಅದು ದೊಡ್ಡತನ.

ಇನ್ನೊಂದು ದೆಹಲಿಯದು. 2022ರ ನವೆಂಬರ್ 23ರಂದು ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ದುಷ್ಟರು ಬೀಗ ಜಡಿದರು. ಹಲವು ದಿನ ರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಕೊನೆಗೆ, ಹಾನಿಯಾಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಆಸ್ಪತ್ರೆಯ ದಾಖಲೆಗಳನ್ನು ಮರಳಿ ಪಡೆದರು.

ಆದುದರಿಂದ ಮಾಡತಕ್ಕದ್ದು ಇಷ್ಟು. ತಿಂಗಳಿಗೊಮ್ಮೆ ಆ ನಕಲನ್ನು ಬೇರೊಂದು ಹಳೆಯ ಯಂತ್ರಕ್ಕೆ ಇಳಿಸಿ ನೋಡಿ. ಹಾಜರಿಯಲ್ಲಿ ಎಷ್ಟು ಹೆಸರಿವೆ, ಕಾಗದದ ಮಸ್ಟರಿಗೆ ತಾಳೆಯಾಗುತ್ತದೆಯೆ, ಎಣಿಸಿ. ಗಡಿಯಾರ ಇಟ್ಟುಕೊಂಡು ಎಷ್ಟು ಹೊತ್ತು ಹಿಡಿಯಿತೆಂದು ಬರೆಯಿರಿ. ಸಾಹೇಬರು ಕೇಳುವುದು ಅದನ್ನೇ. ಅಸಲು ಸೇರಿ ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ. ಒಂದು ಡಿಸ್ಕನ್ನಂತೂ ಕೆಲಸ ಮುಗಿದ ಕೂಡಲೆ ತಂತಿ ಕಿತ್ತು ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ ಕಳ್ಳ ಬೀಗ ಹಾಕುತ್ತಾನೆ. ಅಸಲು ಸರ್ವರಿನ ಪರದೆಗೆ ಕೆಂಪು ಬಣ್ಣ, ಪರೀಕ್ಷೆಯದಕ್ಕೆ ಬೇರೆ ಬಣ್ಣ ಕೊಟ್ಟರೆ ಗಿಟ್‌ಲ್ಯಾಬಿನವರ ಗತಿ ಬರುವ ಸಂಭವ ಕಡಿಮೆ. ಪಾಸ್‌ವರ್ಡು ಬದಲಾದ ದಿನ ಯಾವ ಯಾವ ಪ್ರೋಗ್ರಾಮು ಅದನ್ನು ಬಳಸುತ್ತದೆಂಬ ಪಟ್ಟಿ ತೆಗೆದು ನೋಡಬೇಕು.

ಎಲ್ಲವೂ ಇಂಟರ್‌ನೆಟ್ಟಿನಾಚೆ ಸುರಕ್ಷಿತವಾಗಿದೆಯೆಂದು ಕೆಲವರು ನೆಮ್ಮದಿಯಾಗಿರುತ್ತಾರೆ. ಇರಲಿ. ಆದರೆ 2015ರಲ್ಲಿ ಇದೇ ಕಾಶಿಯ ಘಾಟುಗಳ ಬಳಿ ಎಳೆದಿದ್ದ ಇಂಟರ್‌ನೆಟ್ ತಂತಿಗಳನ್ನು ಕೋತಿಗಳು ಕಡಿದುಹಾಕಿದ್ದವು. ಒಂದು ಪ್ರತಿ ಕೈಗೆಟಕುವಂತಿರಲಿ.

ಮೋಸದ ದಾಳಿಯಾದರೆ ಮುಚ್ಚಿಡುವಂತಿಲ್ಲ; 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ, ತಿಳಿದ 6 ತಾಸಿನೊಳಗೆ ವರದಿ ಮಾಡಬೇಕು, ಯಂತ್ರಗಳ ದಿನಚರಿಯನ್ನು 180 ದಿನ ಇಟ್ಟಿರಬೇಕು.

ನಾವು ಈಗ ಎರಡನೇ ಶನಿವಾರ ಸಂಜೆ ಈ ಪರೀಕ್ಷೆ ಮಾಡುತ್ತೇವೆ. ಕಳೆದ ಸಲ 3 ತಾಸು 20 ನಿಮಿಷ ಹಿಡಿಯಿತು. ಎರಡು ಹೆಸರು ಕಡಿಮೆ ಬಂದವು. ಅದೇಕೆಂದು ಇನ್ನೂ ಹುಡುಕುತ್ತಿದ್ದೇವೆ. ನಮ್ಮ ತಪಾಸಣೆಯ ಹಾಳೆ ಬೇಕಾದವರು ಭಾನುವಾರ ವಾಚನಾಲಯದಲ್ಲಿ ಕೇಳಬಹುದು.